ಮೇಣದ ಮೇಲಿನ ಗೆರೆ

ತಂಬಿಗೆಯ ನೀರು ಬಾನೆಟ್ಟಿನ ಮೇಲೆ ಬಿದ್ದದ್ದೇ ತಡ, ಸಾಬೂದಾಣಿಯ ಹಾಗೆ ಕಾಳುಕಾಳಾಗಿ ಒಡೆದು ಉರುಳಿಹೋಯಿತು. ಬಾಪುಸಾಹೇಬ ಇನ್ನೊಂದು ತಂಬಿಗೆ ತುಂಬಿಕೊಂಡ. ಕಾರಿನ ನೆತ್ತಿಯ ಟಪ್ಪಿನ ಮೇಲೆ, ಬಲಗಡೆಯ ಬಾಗಿಲುಗಳ ಮೇಲೆ, ಡಿಕ್ಕಿಯ ಮೇಲೆ ಎಲ್ಲ ಕಡೆಯೂ ಹಾಗೆಯೇ. ಆದರೆ ಎಡಗಡೆಯ ಮುಂದಿನ ಮಡ್‌ಗಾರ್ಡಿಗೆ ಬಂದಾಗ ನೀರು ಒಡೆಯಲಿಲ್ಲ. ಒದ್ದೆ ಪಂಚೆ ಹಾಸಿದಂತೆ ಅಗಲವಾಗಿ ಹರಡಿ ಅಲ್ಲೇ ಅಂಟಿಕೊಂಡಿತು.

ಅವನು ಬಗ್ಗಿ ನೋಡಿದ. ಬೆರಳು ಆಡಿಸಿದ. ಉಳಿದ ಕಡೆ ಬೆರಳು ಜಾರುತ್ತಿತ್ತು, ಇಲ್ಲಿ ತಡೆಯುತ್ತಿತ್ತು. ಹೋದ ಹುಣ್ಣಿಮೆಗೆ ತಾನೇ ಕೂತು ಮೇಣ ಹಚ್ಚಿದ್ದು, ಒಣಗಲು ಬಿಟ್ಟು, ಮೆತ್ತನೆಯ ಬಟ್ಟೆಯಲ್ಲಿ ಒರೆಸಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಅಷ್ಟು ಬೇಗ ಮೇಣ ಬಿಟ್ಟುಹೋಗುವ ಮಾತೇ ಇರಲಿಲ್ಲ. ಮೂಗು ಹತ್ತಿರ ಒಯ್ದ. ಬಟ್ಟೆ ಒಗೆಯುವ ಸೋಡಾಪುಡಿಯ ವಾಸನೆ ಸಣ್ಣಗೆ ಬಂದಂತಾಯಿತು.

"ಯಾರೋ ತೊಳದಾರ," ಅಂದುಕೊಂಡ. ತೊಳೆದರು ಅಂದರೆ ಹೊಲಸಾಗಿತ್ತು. ಹೊಲಸಾಗಿತ್ತು ಅಂದರೆ ಗಾಡಿ ಎಲ್ಲಿಗೋ ಹೋಗಿತ್ತು.

ಎಂಬತ್ತೆಂಟನೆಯ ಇಸವಿಯ ದೀಪಾವಳಿಗೆ ತಂದ ಫಿಯಾಟ್ ಅದು. ಉಗಾರ ಬುದ್ರುಕದಲ್ಲಿ ಕಬ್ಬಿನ ಹೊಲ ಇದ್ದವರು ಬೇಕಾದಷ್ಟು ಮಂದಿ, ಕಾರು ಇದ್ದವರು ಕೆಲವರು. ಅದರಲ್ಲೂ ಕಪ್ಪಿಗೆ ಹತ್ತಿರದ ಆ ನೀಲಿ ಬಣ್ಣದ ಕಾರು ಇದ್ದವನು ಬಾಪುಸಾಹೇಬ ಒಬ್ಬನೇ. ಕಾಗವಾಡದಲ್ಲಿದ್ದ ತನ್ನ ಗೊಬ್ಬರದಂಗಡಿಗೆ ಮಾತ್ರ ಅವನು ಹಳೆಯ ಮೋಟಾರ್ ಸೈಕಲ್ಲಿನ ಮೇಲೆಯೇ ಹೋಗುತ್ತಿದ್ದ. ಕಾರು ಒಯ್ದರೆ ದಾರಿಯ ಕಲ್ಲು ಸಿಡಿದು ಬಣ್ಣ ಕೆಡುತ್ತದೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣವನ್ನು ಅವನು ಯಾರಿಗೂ ಹೇಳುತ್ತಿರಲಿಲ್ಲ. ಅವನಿಗೆ ಕಾರು ಹೊಡೆಯಲು ಬರುತ್ತಿರಲಿಲ್ಲ. ಮೊದಲ ವಾರ ಕಲಿಯಲು ಹೋಗಿ ದನದ ಕೊಟ್ಟಿಗೆಯ ಗೋಡೆಗೆ ತಾಗಿಸಿ, ಬಂಪರಿಗೆ ಆದ ನಗ್ಗನ್ನು ನೋಡಿ ಎರಡು ದಿನ ಅನ್ನ ಬಿಟ್ಟಿದ್ದ. ಆಮೇಲೆ ಸ್ಟೇರಿಂಗ್ ಮುಟ್ಟಲಿಲ್ಲ. ಮಿರಜಿಗೋ ಸಾಂಗ್ಲಿಗೋ ಮದುವೆ ಮುಂಜಿಗೆ ಹೋಗಬೇಕಾದಾಗ ಊರಾಚೆ ಹಳ್ಳದ ದಂಡೆಯ ಮಲಕಾರಿ ಬಂದು ಗಾಡಿ ತೆಗೆಯುತ್ತಿದ್ದ.

ಹೊಡೆಯಲು ಬಾರದ ಗಾಡಿಯ ಮೈಯನ್ನಾದರೂ ಕಾಯೋಣ ಎಂಬಂತೆ ಬಾಪುಸಾಹೇಬ ಅದರ ಬಣ್ಣದ ಬೆನ್ನು ಹತ್ತಿದ್ದ. ಸಕ್ಕರೆ ಕಾರ್ಖಾನೆಯ ಹಂಗಾಮು ಶುರುವಾದರೆ ಊರ ಮೇಲೆಲ್ಲ ಬೂದಿ ಉದುರುತ್ತದೆ. ಅದನ್ನು ಒಣಬಟ್ಟೆಯಲ್ಲಿ ಒರೆಸಿದರೆ ಬಣ್ಣದ ಮೇಲೆ ಮರಳು ಕಾಗದ ಉಜ್ಜಿದ ಹಾಗೆ. ಮೊದಲು ನೀರು ಬಿಡಬೇಕು, ನೆರಳಿನಲ್ಲಿ ಆರಿಸಬೇಕು, ಆಮೇಲೆ ಕೊಲ್ಹಾಪುರದಿಂದ ತಂದ ಡಬ್ಬಿಯ ಮೇಣವನ್ನು ಅಂಗೈಯಗಲ ಜಾಗಕ್ಕೆ ಒಂದಿಷ್ಟರಂತೆ ಸುತ್ತುಸುತ್ತಾಗಿ ಹಚ್ಚಬೇಕು. ಈ ವಿಧಿಯಲ್ಲಿ ಒಂದನ್ನೂ ಅವನು ಬಿಡುತ್ತಿರಲಿಲ್ಲ. ಕೊಲ್ಹಾಪುರದ ಷಡ್ಡಕ ಜಯಪಾಲ ಬಂದಾಗಲೆಲ್ಲ ಬೈಯುತ್ತಿದ್ದ. "ಮೂರ ತಿಂಗಳಿಗೊಮ್ಮೆ ಹಚ್ಚಿದ್ರ ರಗಡ ಆತು. ನೀ ಅಮಾಸಿಗೊಮ್ಮೆ ಹುಣಿವಿಗೊಮ್ಮೆ ತಿಕ್ಕತಿ. ಹಿಂಗ ತಿಕ್ಕಿದ್ರ ಕೆಳಗಿನ ತಗಡ ಕಾಣತೈತಿ ನೋಡು ಒಂದಿನ." ಬಾಪುಸಾಹೇಬ ನಕ್ಕು ಸುಮ್ಮನಾಗುತ್ತಿದ್ದ. ಜಯಪಾಲನ ಕಾರು ಬೆಳ್ಳಗಿತ್ತು. ಬಿಳಿ ಕಾರಿನವರಿಗೇನು ಗೊತ್ತು.

ಮನೆಯಲ್ಲಿ ಆ ಡಬ್ಬಿಗೆ ಒಳಗೆ ಪ್ರವೇಶವಿರಲಿಲ್ಲ. ಅವನ ತಾಯಿ ಗಂಗೂಬಾಯಿ ಮೊದಲ ದಿನವೇ ಕೇಳಿದ್ದಳು: "ಮೇಣ ಅಂದ್ರ ಜೇನ ಹುಳದ್ದಲ್ಲೇನೋ? ಹುಳಾ ಕೊಂದ ತಗದ್ದ ಜೈನರ ಮನ್ಯಾಗ ಬ್ಯಾಡ." ಅದು ಗಿಡದ ಎಲೆಯಿಂದ ತೆಗೆದದ್ದು ಎಂದು ಅವನು ಎಷ್ಟು ಹೇಳಿದರೂ ಮುದುಕಿ ನಂಬಲಿಲ್ಲ. ಡಬ್ಬಿ ಕಾರಿನ ಷೆಡ್ಡಿನ ಹಲಗೆಯ ಮೇಲೆಯೇ ಉಳಿಯಿತು.

ಸಂಜೆ ಮಲಕಾರಿಯನ್ನು ಕರೆಸಿದ. ಷೆಡ್ಡಿನ ಮುಂದೆ ನಿಲ್ಲಿಸಿ ಮಡ್‌ಗಾರ್ಡಿನ ಕಡೆ ಬೆರಳು ಮಾಡಿದ.

"ಇದನ್ಯಾರ ತೊಳದಾರ?"

"ನಾನರ ತೊಳದಿಲ್ರಿ, ಸಾವ್ಕಾರ್ರ."

"ಮತ್ತ ತಾನ ತೊಳಕೊಂಡೈತೇನ?"

ಮಲಕಾರಿ ಮಡ್‌ಗಾರ್ಡನ್ನು ನೋಡಿದ. ಆಮೇಲೆ ಅವನ ಕಣ್ಣು ಒಂದು ಗಳಿಗೆ ಮನೆಯ ಹಿತ್ತಲ ಬಾಗಿಲಿನ ಕಡೆ ಹೋಗಿ ತಿರುಗಿ ನೆಲಕ್ಕೆ ಬಂತು. ಬಾಪುಸಾಹೇಬ ಅದನ್ನು ನೋಡಿದ. ನೋಡಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡ.

"ನಾ ಅಂಗಡಿಗೆ ಹೋದಮ್ಯಾಲ ಗಾಡಿ ಹೊರಗ ತಗೀತಿ. ಬಾಡಿಗಿ ಹೊಡೀತಿಯೋ, ನಿನ್ನ ಬೀಗರನ್ನ ಕುಂದರಿಸಿಕೊಂಡ ತಿರಗತಿಯೋ, ಯಾಂವ ಬಲ್ಲ? ಹೌದಂತಿಯೋ ಇಲ್ಲಂತಿಯೋ?"

ಮಲಕಾರಿ ಹೆಗಲ ಮೇಲಿನ ವಸ್ತ್ರ ತೆಗೆದು ಕೊಡವಿ ಮತ್ತೆ ಹಾಕಿಕೊಂಡ. "ನಿಮಗ ಹಂಗ ಅನಿಸಿದ್ರ ಹಂಗ ಇರ್ಲಿ ಬಿಡ್ರಿ," ಅಂದ.

"ಇರ್ಲಿ ಬಿಡ್ರಿ ಅಂದ್ರ? ಕಳ್ಳ ಇದ್ದಾಂವನ ಹಿಂಗ ಅಂತಾನ. ನಾಳೆಯಿಂದ ಈ ಕಟ್ಟಿ ಹತ್ತಬ್ಯಾಡ ನೀ."

ಮಲಕಾರಿ ಕೈಮುಗಿದು ಹೋದ. ಎದುರುವಾದ ಮಾಡಿದ್ದರೆ ಬಾಪುಸಾಹೇಬನ ಸಿಟ್ಟು ಇಳಿಯುತ್ತಿತ್ತೋ ಏನೋ. ಆ ಸುಮ್ಮನಿರುವಿಕೆ ಅವನನ್ನು ಇನ್ನಷ್ಟು ಕೆರಳಿಸಿತು. ಕಾರಿನ ಕೀಲಿಯನ್ನು ಮೊಳೆಯಿಂದ ತೆಗೆದು ತಿಜೋರಿಯಲ್ಲಿಟ್ಟ. ತಿಜೋರಿಯ ಕೀಲಿಕೈ ಎಂದಿನಂತೆ ಹೆಂಡತಿ ತಾರಾಬಾಯಿಯ ಸೊಂಟದಲ್ಲಿತ್ತು.

ಆ ಸಂಜೆ ತಾರಾಬಾಯಿ ಊಟಕ್ಕೆ ಕೂಡಲಿಲ್ಲ. ಹೊತ್ತು ಮುಳುಗುವ ಮೊದಲೇ ಉಣ್ಣುವ ಮನೆ ಅದು. ತಲೆನೋವು ಅಂದಳು. ಅತ್ತೆ ಗಂಗೂಬಾಯಿ ಗೋಡೆಗೆ ಹೇಳುವವಳಂತೆ, "ಅಕಿಗೆ ಹೇಳು ಬಾಪೂ, ಹಾಲರ ಕುಡೀ ಅಂತ," ಅಂದಳು. ಅತ್ತೆ ಸೊಸೆ ನೇರ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಮಗಳ ಮದುವೆಯಲ್ಲಿ ಉಡುಗೊರೆ ಕೊಟ್ಟ ಆಯಾರದ ಸೀರೆಯ ಮೇಲೆ ಶುರುವಾದ ಜಗಳ. ಮಗಳು ಗಂಡನ ಮನೆಗೆ ಹೋಗಿ ಎರಡು ಮಕ್ಕಳ ತಾಯಿಯಾದರೂ ಅದು ಆರಿರಲಿಲ್ಲ. ಪಲ್ಯಕ್ಕೆ ಉಪ್ಪು ಕಡಿಮೆ ಎಂಬುದೂ ಬಾಪುಸಾಹೇಬನ ಮೂಲಕವೇ ಈ ಕಡೆಯಿಂದ ಆ ಕಡೆಗೆ ಹೋಗಬೇಕು. ಅದು ಅವನಿಗೆ ತಲೆಬೇನೆಯಾಗಿತ್ತು, ಒಳಗೊಳಗೇ ಒಂದು ದೊಡ್ಡಸ್ತಿಕೆಯೂ ಆಗಿತ್ತು.

ಮರುದಿನವೇ ಅವನು ಕಾರಿಗೆ ಮತ್ತೆ ಮೇಣ ಹಚ್ಚಿದ. ಹುಣ್ಣಿಮೆ ಅಮಾವಾಸ್ಯೆ ನೋಡಲಿಲ್ಲ. ಮಡ್‌ಗಾರ್ಡಿನಿಂದ ಹಿಡಿದು ಹಿಂದಿನ ದೀಪದ ಅಂಚಿನವರೆಗೆ ಇಡೀ ಗಾಡಿಯನ್ನು ಕನ್ನಡಿ ಮಾಡಿದ. ಕಳ್ಳನನ್ನು ಓಡಿಸಿಯಾಗಿತ್ತು. ಆದರೂ ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲೊಮ್ಮೆ, ಬಂದ ಮೇಲೊಮ್ಮೆ ಷೆಡ್ಡಿಗೆ ಹೋಗಿ ಓರೆಯಾಗಿ ನಿಂತು, ಬೆಳಕಿಗೆ ಕಣ್ಣು ಕೊಟ್ಟು ನೋಡದೆ ಸಮಾಧಾನವಿರಲಿಲ್ಲ.

ಹಾಗೆ ನೋಡುವಾಗಲೇ ಒಂದು ಸಂಜೆ ಅವನಿಗೆ ಅವು ಕಂಡವು. ಡ್ರೈವರ್ ಕಡೆಯ ಬಾಗಿಲಿನಲ್ಲಿ, ಗಾಜಿನ ಕೆಳಗೆ, ಕೂದಲೆಳೆಯಂಥ ಗೆರೆಗಳು. ಕಲ್ಲಿನಿಂದ ಆದವಲ್ಲ. ಕಲ್ಲು ಗೀರಿದರೆ ನೆಟ್ಟಗೆ ಗೀರುತ್ತದೆ. ಇವು ಬಾಗಿದ್ದವು, ಒಂದರ ಪಕ್ಕ ಒಂದು, ಉಗುರು ಚಂದ್ರನ ಹಾಗೆ. ಬೇರೆ ಯಾರಾದರೂ ಆಗಿದ್ದರೆ ಕಾಣುತ್ತಲೇ ಇರಲಿಲ್ಲ. ಹೊಸ ಮೇಣದ ಮೇಲೆ ಬಾಪುಸಾಹೇಬನಿಗೆ ಅವು ನೇಗಿಲ ಸಾಲಿನಷ್ಟು ಸ್ಪಷ್ಟವಾಗಿ ಕಂಡವು.

ಮಲಕಾರಿ ಇಲ್ಲ. ಕೀಲಿ ತಿಜೋರಿಯಲ್ಲಿದೆ. ಆದರೂ ಯಾರೋ ಈ ಸೀಟಿನಲ್ಲಿ ಕೂತು, ಗಾಜು ಇಳಿಸಿ, ತೋಳನ್ನು ಹೊರಗಿಟ್ಟಿದ್ದಾರೆ.

ಒಳಗೆ ಬಂದು ಊಟಕ್ಕೆ ಕೂತ. ತಾರಾಬಾಯಿ ಬಗ್ಗಿ ರೊಟ್ಟಿ ಬಡಿಸಿದಳು. ತಾಟಿನ ಅಂಚಿಗೆ ಅವಳ ಕೈ ತಾಗಿ ಹಸಿರು ಬಳೆಗಳ ನಡುವಿನ ಬಂಗಾರದ ಪಾಟಲಿ ಕಿಣಿ ಎಂದಿತು. ಬಾಪುಸಾಹೇಬ ಆ ಪಾಟಲಿಯ ಬಾಗನ್ನೇ ನೋಡಿದ; ಬಾಗಿಲಿನ ಗೆರೆಗಳೂ ಹಾಗೆಯೇ ಬಾಗಿದ್ದವು.

ಸಂಶಯ ಒಮ್ಮೆ ಮನೆ ಹೊಕ್ಕಿತೆಂದರೆ ಒಂದೇ ಕೋಣೆಯಲ್ಲಿ ಕೂಡುವುದಿಲ್ಲ. ಮಲಕಾರಿಯ ಕಣ್ಣು ಹಿತ್ತಲ ಬಾಗಿಲಿಗೆ ಹೋದದ್ದು ನೆನಪಾಯಿತು. ಅವನನ್ನು ಬಿಡಿಸಿದ ದಿನ ಇವಳು ಊಟ ಬಿಟ್ಟದ್ದು ನೆನಪಾಯಿತು. ಗಾಡಿ ಹೊಡೆಯುವುದು ತಾನಾಗಿ ಬರುವುದಿಲ್ಲ, ಯಾರೋ ಪಕ್ಕದಲ್ಲಿ ಕೂತು ಕಲಿಸಬೇಕು. ಯಾರು ಕಲಿಸಿದರು? ಎಷ್ಟು ದಿನ? ಎಲ್ಲಿ? ಈಗ ಒಬ್ಬಳೇ ಗಾಡಿ ತೆಗೆದುಕೊಂಡು ಯಾರನ್ನು ಕಾಣಲು ಹೋಗುತ್ತಾಳೆ? ಇಪ್ಪತ್ತೈದು ವರ್ಷ ಸಂಸಾರ ಮಾಡಿದ ಹೆಂಗಸು ತಲೆಯ ಮೇಲಿನ ಸೆರಗು ಜಾರದಂತೆ ಓಡಾಡುವುದನ್ನು ನೋಡುತ್ತ ಅವನು ಹಾಸಿಗೆಯಲ್ಲಿ ಹೊರಳಾಡಿದ. ಕೇಳಿಬಿಡೋಣವೆಂದರೆ, ಅವಳು ತಿರುಗಿ "ನೋಡಿದ್ದೀರೇನ?" ಅಂದರೆ ಏನು ಹೇಳುವುದು? ಗೀರು ನೋಡಿದೆ ಅನ್ನಬೇಕೆ? ಊರು ನಗುತ್ತದೆ. ಕಣ್ಣಾರೆ ಕಾಣಬೇಕು.

ಗುರುವಾರ ಬೆಳಿಗ್ಗೆ ಬೂಟು ಹಾಕಿಕೊಳ್ಳುತ್ತ, "ಮಿರಜಿಗೆ ಹೋಗ್ತೇನಿ, ಗೊಬ್ಬರದ ಲಾರಿ ಕೆಲಸ ಐತಿ. ಬರೂದ ಸಂಜಿ ಆಗತೈತಿ," ಅಂದ. ತಾರಾಬಾಯಿ, "ಸಾವಕಾಶ ಹೋಗ್ರಿ," ಅಂದಳು. ಆ ಮಾತಿನಲ್ಲಿ ಏನಾದರೂ ಹಗುರ ಇತ್ತೇ ಎಂದು ಅವನು ದಾರಿಯುದ್ದಕ್ಕೂ ತೂಗಿದ. ಮಿರಜಿನ ದಾರಿ ಹಿಡಿಯದೆ ಊರು ಬಳಸಿ ಹೊಳೆಯ ಕಡೆಯ ತನ್ನ ಹೊಲಕ್ಕೆ ಬಂದು, ಮೋಟಾರ್ ಸೈಕಲ್ಲನ್ನು ಪಂಪಿನ ಮನೆಯೊಳಗೆ ನೂಕಿದ. ಆ ಹೊಲದ ಬದುವಿನಿಂದ ಊರ ದಾರಿಯೂ ಕಾಣುತ್ತಿತ್ತು, ಡಾಂಬರು ರಸ್ತೆಯೂ ಕಾಣುತ್ತಿತ್ತು. ಗಾಡಿ ಯಾವ ಕಡೆ ಹೊರಟರೂ ತಪ್ಪುವಂತಿರಲಿಲ್ಲ. ಆಳೆತ್ತರದ ಕಬ್ಬಿನೊಳಗೆ ಸರಿದು ಕೂತ. ಒಣ ಗರಿಗಳ ರವದಿಯ ಅಂಚು ಕತ್ತು ಕೊಯ್ಯುತ್ತಿತ್ತು. ತನ್ನ ಹೊಲದಲ್ಲಿ ತಾನೇ ಕಳ್ಳನ ಹಾಗೆ ಕೂತಿದ್ದೇನೆ ಎಂಬುದೂ ಅವನಿಗೆ ತಿಳಿದಿತ್ತು. ಎದ್ದು ಹೋಗಲು ಆಗಲಿಲ್ಲ.

ಬಿಸಿಲು ನೆತ್ತಿ ದಾಟಿದ ಮೇಲೆ ಕಾರು ಬಂತು. ಡಾಂಬರು ರಸ್ತೆಗೆ ತಿರುಗಲಿಲ್ಲ. ನೇರವಾಗಿ ಅವನು ಕೂತಿದ್ದ ಕಡೆಗೇ, ಹೊಳೆಯ ಬಂಡಿದಾರಿಯಲ್ಲಿ, ತಗ್ಗು ತಪ್ಪಿಸುತ್ತ, ನಿಧಾನವಾಗಿ ಬಂತು. ಗಾಜಿನಾಚೆ ತಾರಾಬಾಯಿ ಕಂಡಳು. ತೋಳು ಕಿಟಕಿಯ ಮೇಲಿತ್ತು. ಪಕ್ಕದ ಸೀಟಿನಲ್ಲಿ ಇನ್ನೊಂದು ತಲೆ. ಬಾಪುಸಾಹೇಬ ಮುಷ್ಟಿ ಬಿಗಿದು ಮುಂದಕ್ಕೆ ಬಾಗಿದ.

ಕಾರು ಪಂಪಿನ ಮನೆಯ ಹತ್ತಿರ ನಿಂತಿತು. ತಾರಾಬಾಯಿ ಇಳಿದು ಸುತ್ತಿ ಬಂದು ಆ ಕಡೆಯ ಬಾಗಿಲು ತೆರೆದಳು. ಮೊದಲು ಒಂದು ಬಡಿಗೆ ಹೊರಗೆ ಬಂತು. ಆಮೇಲೆ, ಸೊಸೆಯ ಹೆಗಲು ಹಿಡಿದು, ಗಂಗೂಬಾಯಿ ಇಳಿದಳು.

ಇಬ್ಬರೂ ದಂಡೆಯ ಕಲ್ಲಿನ ಮೇಲೆ ಕೂತರು. ಕೆಳಗೆ ಕೃಷ್ಣೆ ಮಂದವಾಗಿ ಹರಿಯುತ್ತಿತ್ತು. ಮೊಣಕಾಲು ಹಿಡಿದುಕೊಂಡ ಮೇಲೆ ತಾಯಿ ಹೊಳೆ ನೋಡಿದ್ದಿಲ್ಲ ಎಂಬುದು ಬಾಪುಸಾಹೇಬನಿಗೆ ಆಗ ಹೊಳೆಯಿತು. ಕಾರು ತಂದ ಹೊಸತರಲ್ಲಿ ಒಮ್ಮೆ ಅವಳು ಹೊಳೆ ತೋರಿಸು ಎಂದು ಕೇಳಿದ್ದಳು. ಭೋಜದಲ್ಲಿ, ಎರಡು ಹೊಳೆ ಕೂಡುವಲ್ಲಿ ಹುಟ್ಟಿದ ಹೆಣ್ಣು. ಆ ದಾರಿಯಲ್ಲಿ ಗರಸುಕಲ್ಲು ಸಿಡಿಯುತ್ತದೆ, ಬಣ್ಣ ಹೋಗುತ್ತದೆ ಅಂದಿದ್ದ ಇವನು. ಅವಳು ಮತ್ತೆ ಕೇಳಿರಲಿಲ್ಲ.

"ಇನ್ನಷ್ಟ ಮುಂದ ಒಯ್ಯಬೇಕಾಗಿತ್ತು ನೀ," ಅಂದಳು ಗಂಗೂಬಾಯಿ.

"ಮುಂದ ರಾಡಿ ಐತ್ರಿ ಅತ್ತಿ. ಅವತ್ತ ಸಿಗಬಿದ್ದದ್ದ ಮರತ್ರೇನು? ಆ ರಾಡಿ ತಗ್ಯಾಕ ನಾ ಸೋಡಾಪುಡಿ ಹಾಕಿ ತಿಕ್ಕಿದ್ದ ತಪ್ಪಾತು. ಪಾಪ, ನನಗ ಗಾಡಿ ಕಲಿಸಿದ ಮಲಕಾರಿ ಮ್ಯಾಲ ಬಂತು."

"ನಾ ಬಾಪೂಗ ಹೇಳತೇನಿ ಅಂದ್ರ ನೀನ ಬ್ಯಾಡಂದಿ."

"ನಾ ಅಲ್ರಿ, ಮಲಕಾರಿನ ಬ್ಯಾಡಂದ. 'ನನಗ ಇನ್ನೊಂದ ಗಾಡಿ ಸಿಗತೈತ್ರಿ ಅಕ್ಕಾರ, ನಿಮಗ ಸಿಗಾಂಗಿಲ್ಲ' ಅಂದ." ತಾರಾಬಾಯಿಯ ದನಿ ಇಳಿಯಿತು. "ಹಂಗಂತ ನಾವು ಸುಮ್ಮ ಕುಂತಿವಿ. ಅದ ಚುಚ್ಚತೈತ್ರಿ ನನಗ."

ಗಂಗೂಬಾಯಿ ಬಡಿಗೆಯ ತುದಿಯಿಂದ ನೆಲ ಕೆದರಿದಳು. "ಬಾಪೂ ಸಣ್ಣಾಂವಿದ್ದಾಗೂ ಹಂಗ," ಅಂದಳು. "ಅವರಪ್ಪ ಹೊಸಾ ಪಾಟಿ ತಂದಕೊಟ್ರ ಗೀರ ಬೀಳತಾವಂತ ಬರೀತಿರಲಿಲ್ಲ. ಮಾಸ್ತರ ಹೊಡದ್ರೂ ಬರೀಲಿಲ್ಲ. ಎದಿಗೆ ಅವಚಿಕೊಂಡ ಹೋಗಿ ಅವಚಿಕೊಂಡ ಬರತಿದ್ದ." ಅವಳು ಗಾಳಿಯಲ್ಲಿ ಅಂಗೈಯನ್ನು ಸುತ್ತುಸುತ್ತಾಗಿ ತಿರುಗಿಸಿ ಮಗ ಮೇಣ ಹಚ್ಚುವುದನ್ನು ಮಾಡಿ ತೋರಿಸಿದಳು, ತಲೆ ಓರೆ ಮಾಡಿ, ಒಂದು ಕಣ್ಣು ಮುಚ್ಚಿ. ತಾರಾಬಾಯಿ ನಕ್ಕಳು. ಸೆರಗು ತಲೆಯಿಂದ ಜಾರಿತು, ಏರಿಸಿಕೊಳ್ಳಲಿಲ್ಲ. ಇಬ್ಬರೂ ಒಬ್ಬರ ಮೇಲೊಬ್ಬರು ಬಾಗಿ ನಕ್ಕರು.

ಈ ಇಬ್ಬರ ನಡುವೆ ಉಪ್ಪಿನ ಸುದ್ದಿ ಹೊತ್ತು ತಿರುಗಿದ್ದೆನಲ್ಲ, ಎಂದು ಬಾಪುಸಾಹೇಬ ಕಬ್ಬಿನೊಳಗೆ ಕೂತು ನೆನೆದ. ಹೆಂಡತಿಯ ಮೇಲೆ ತಾನು ಹೊರಿಸಿದ್ದ ಹೊಲಸು ತೊಳೆದುಹೋಯಿತು. ಆ ಜಾಗದಲ್ಲಿ ಹಗುರವಾಗಬೇಕಿತ್ತು, ಆಗಲಿಲ್ಲ. ಮನೆಯಲ್ಲಿ ತನಗೆ ಗೊತ್ತಿಲ್ಲದ ಇನ್ನೊಂದು ಮನೆಯಿತ್ತು, ಅದು ತನ್ನನ್ನು ಬಿಟ್ಟು ಸುಖವಾಗಿತ್ತು. ಇವರು ಹೋಗಲಿ, ಆಮೇಲೆ ಏಳೋಣ, ಯಾರಿಗೂ ಏನೂ ಹೇಳುವುದು ಬೇಡ ಅಂದುಕೊಂಡ.

ಆದರೆ ಅವರು ಹೋಗಲಾಗಲಿಲ್ಲ. ತಾರಾಬಾಯಿ ಕಾರು ತಿರುಗಿಸಿಕೊಳ್ಳುವಾಗ ಹಿಂದಿನ ಗಾಲಿಗಳು ಬದುವಿನ ಕೆಳಗೆ ಇಳಿದವು. ಕಬ್ಬಿಗೆ ಬಿಟ್ಟ ನೀರು ಅಲ್ಲಿ ನಿಂತು ಎರೆಮಣ್ಣು ಬೆಣ್ಣೆಯಾಗಿತ್ತು. ಎಂಜಿನ್ ಅರಚಿತು, ಗಾಲಿ ಗರಗರ ತಿರುಗಿ ಇನ್ನಷ್ಟು ಆಳಕ್ಕೆ ಕೂತಿತು. ತಾರಾಬಾಯಿ ಇಳಿದು ನೋಡಿದಳು, ಹಣೆಗೆ ಕೈಹಚ್ಚಿದಳು, ದಾರಿಯ ಎರಡೂ ಕಡೆ ನೋಡಿದಳು. ಯಾರೂ ಇರಲಿಲ್ಲ.

ಕಬ್ಬು ಸರಸರ ಎಂದಿತು. ರವದಿ ಹತ್ತಿದ ತಲೆ, ಗೀರಿದ ಕತ್ತು, ಮಿರಜಿಗೆಂದು ಹಾಕಿಕೊಂಡ ಇಸ್ತ್ರಿಯ ಅಂಗಿ. ಬಾಪುಸಾಹೇಬ ಹೊರಗೆ ಬಂದು ನಿಂತ.

ತಾರಾಬಾಯಿಯ ಮುಖದಲ್ಲಿ ರಕ್ತವಿರಲಿಲ್ಲ. ಮೊದಲು ಅವನನ್ನು ನೋಡಿದಳು, ಆಮೇಲೆ ಅವನು ಬಂದ ಕಬ್ಬನ್ನು ನೋಡಿದಳು. ಅವನು ಅಲ್ಲಿ ಯಾಕೆ ಕೂತಿದ್ದ ಎಂಬುದು ಅವಳಿಗೆ ನಿಧಾನವಾಗಿ ತಿಳಿಯಿತು. ತಿಳಿಯುತ್ತಿದ್ದಂತೆ ಹೆದರಿಕೆ ಹೋಗಿ ಅವಳ ಮುಖ ಬೇರೆಯದೇ ಆಯಿತು. ಆ ಮುಖವನ್ನು ನೋಡಲಾರದೆ ಅವನು ಕಾರಿನ ಕಡೆ ತಿರುಗಿದ.

"ಯಾರ ಜೋಡಿ ಬರತೇನಂತ ನೋಡಾಕ ಕುಂತಿದ್ರಿ?" ಅಂದಳು. ಜೋರಾಗಿ ಅನ್ನಲಿಲ್ಲ.

ಅವನು ಕೆಸರಲ್ಲಿ ಹುಗಿದ ಗಾಲಿಯ ಕಡೆ ಬಗ್ಗಿದ.

ಒಳಗಿನಿಂದ ಗಂಗೂಬಾಯಿ ಕೂಗಿದಳು. "ಬಂದಿಯೇನ ಬಾಪೂ? ಹಿಂದಿಂದ ದೂಡು. ಅಕಿ ಎಬ್ಬಿಸತಾಳ."

ಅವನು ಬೂಟು ಬಿಚ್ಚದೆ ಕೆಸರಿಗೆ ಇಳಿದ. ಎರಡೂ ಅಂಗೈಗಳನ್ನು ಡಿಕ್ಕಿಯ ಮೇಲೆ ಊರಿದ. ಮೇಣಕ್ಕೆ ಕೈ ಜಾರಿತು. ಮತ್ತೆ ಊರಿದ, ಮತ್ತೆ ಜಾರಿತು. ಕೊನೆಗೆ ಬಗ್ಗಿ ಕೈತುಂಬ ಎರೆಮಣ್ಣು ಹಚ್ಚಿಕೊಂಡು, ಹೆಗಲು ಕೊಟ್ಟು, ಕಣ್ಣು ಮುಚ್ಚಿ ನೂಕಿದ. ಗಾಲಿ ತಿರುಗಿ ಕೆಸರು ಮುಖಕ್ಕೆ, ಎದೆಗೆ, ಕಾರಿನ ಮೈಗೆಲ್ಲ ಎರಚಿತು. ಮೂರನೆಯ ಸಲಕ್ಕೆ ಗಾಡಿ ಒಮ್ಮೆಲೇ ಹಗುರಾಗಿ ಮುಂದಕ್ಕೆ ಹಾರಿತು. ಅವನು ಮೊಣಕಾಲೂರಿ ಬಿದ್ದ.

ಕಾರು ಸ್ವಲ್ಪ ದೂರ ಹೋಗಿ ನಿಂತಿತು. ಎಂಜಿನ್ ನಡೆದೇ ಇತ್ತು. ಕರೆಯಲೂ ಇಲ್ಲ, ಹೋಗಲೂ ಇಲ್ಲ. ಅವನು ಎದ್ದು ಬಂದು ಹಿಂದಿನ ಬಾಗಿಲು ತೆರೆದು, ಕೆಸರುಗಾಲಲ್ಲೇ ಕೂತ.

"ಮನಿಗೇನ್ರಿ ಅತ್ತಿ?" ಅಂದಳು ತಾರಾಬಾಯಿ, ಹಿಂದೆ ನೋಡದೆ.

"ಮಲಕಾರಿ ಮನಿಗೆ," ಅಂದಳು ಮುದುಕಿ.

ಹಳ್ಳದ ದಂಡೆಯ ಆ ಮನೆಯ ಮುಂದೆ ಮಲಕಾರಿಯ ಹೆಂಡತಿ ಅಕ್ಕವ್ವ ಕುಳ್ಳು ತಟ್ಟುತ್ತಿದ್ದಳು. ಕಾರನ್ನೂ ಕಾರಿನಿಂದ ಇಳಿದವರನ್ನೂ ನೋಡಿ ಕೈ ತೊಳೆದುಕೊಂಡು ಬಂದಳು. ಹೊರಸಿನ ಮೇಲೆ ಕಂಬಳಿ ಹಾಸಿದಳು. ಸಾವ್ಕಾರರ ಕಾಲಿಗೆ ಒಂದು ತಂಬಿಗೆ ನೀರು ಕೊಟ್ಟಳು. ಕೆಸರಿನ ಬಗ್ಗೆ ಕೇಳಲಿಲ್ಲ.

"ಅವ್ರ ಕಬ್ಬಿನ ಲಾರಿಗೆ ಹೋಗ್ಯಾರ್ರಿ," ಅಂದಳು. "ಹಂಗಾಮ ಮುಗಿಯೂತನಕ ಅದ. ಖಾಲಿ ಮಾಡಿ ಯಾವಾಗ ಬರತಾರೋ ಏನೋ. ಏನರ ಹೇಳೂದಿತ್ತೇನ್ರಿ?"

ಬಾಪುಸಾಹೇಬ ಬಾಯಿ ತೆರೆದ. ಹೇಳಿ ಕಳಿಸುವ ಮಾತಲ್ಲ ಅದು. "ನಾನ ಹೇಳಬೇಕು," ಅಂದ. "ಬರೂತನಕ ಇರತೇನಿ."

ಹೆಂಗಸರಿಬ್ಬರೂ ಹೊರಸಿನ ಮೇಲೆ ಕೂತರು. ಅವನು ರಸ್ತೆಯ ಅಂಚಿನಲ್ಲಿ ನಿಂತ. ಕಾರ್ಖಾನೆಯ ಕಡೆ ಹೋಗುವ ಲಾರಿಗಳು ಕಬ್ಬು ಹೇರಿಕೊಂಡು ಒಂದರ ಹಿಂದೊಂದು ಬರುತ್ತಿದ್ದವು. ಪ್ರತಿಯೊಂದು ಹತ್ತಿರ ಬಂದಾಗಲೂ ಅವನು ಕ್ಯಾಬಿನ್ನಿನೊಳಗೆ ಇಣುಕುತ್ತಿದ್ದ. ಯಾವುದೋ ಗಡ್ಡದ ಮುಖ, ಯಾವುದೋ ಪೇಟ. ಧೂಳು ಎದ್ದು ಅವನ ಮೇಲೂ ಕಾರಿನ ಮೇಲೂ ಕೂರುತ್ತಿತ್ತು. ಸೂರ್ಯ ಹಳ್ಳದಾಚೆಯ ಜಾಲಿಗಿಡಗಳಿಗೆ ಇಳಿದ.

"ಅವ್ವಾ, ಹೊತ್ತ ಮುಳಗಾಕತ್ತೈತಿ," ಅಂದ ತಿರುಗಿ. "ಇನ್ನ ತಡಾ ಆದ್ರ ನಿನಗ ಊಟ ಇಲ್ಲ. ನೀವಿಬ್ಬರು ಹೋಗ್ರಿ. ನಾ ನಡಕೊಂಡ ಬರತೇನಿ."

"ಇವತ್ತ ಉಪಾಸ ಅನಕೋತೇನಿ," ಅಂದಳು ಗಂಗೂಬಾಯಿ. ತಾರಾಬಾಯಿ ಕಂಬಳಿಯ ಅಂಚನ್ನು ಅತ್ತೆಯ ಮೊಣಕಾಲಿನ ಮೇಲೆ ಎಳೆದಳು.

ದೀಪ ಹಚ್ಚುವ ಹೊತ್ತಿಗೆ ಒಂದು ಲಾರಿ ವೇಗ ಇಳಿಸಿ, ಮನೆಯ ಮುಂದೆ ಅರ್ಧ ರಸ್ತೆಯಲ್ಲೇ ನಿಂತಿತು. ಸ್ಟೇರಿಂಗಿನ ಹಿಂದೆ ಮಲಕಾರಿ ಇದ್ದ. ಕೆಸರು ಹತ್ತಿದ ಕಾರನ್ನು ನೋಡಿದ, ಹೊರಸಿನ ಮೇಲಿದ್ದವರನ್ನು ನೋಡಿದ, ಆಮೇಲೆ ಕೆಳಗೆ ಮುಖವೆತ್ತಿ ನಿಂತವನನ್ನು ನೋಡಿದ. ಬಾಪುಸಾಹೇಬ ಎರಡು ಹೆಜ್ಜೆ ಮುಂದೆ ಬಂದು ಕ್ಯಾಬಿನ್ನಿನ ಬಾಗಿಲಿಗೆ ಕೈ ಹಚ್ಚಿದ.

"ಮಲಕಾರಿ," ಅಂದ.

ಮಲಕಾರಿ ಇಳಿಯಲಿಲ್ಲ, ಹೋಗಲೂ ಇಲ್ಲ. ಎಂಜಿನ್ ಬಂದ್ ಮಾಡಿರಲಿಲ್ಲ. ಅದರ ನಡುಕಕ್ಕೆ ಹಿಂದೆ ಹೇರಿದ ಕಬ್ಬಿನ ಹಸಿರು ತುದಿಗಳು ಕತ್ತಲಾಗುತ್ತಿದ್ದ ರಸ್ತೆಯ ಮೇಲೆ ಅಲುಗುತ್ತಲೇ ಇದ್ದವು.